ಸೆಟ್ಟಣ್ಣ ಸಿಗರೇಟು ಬಿಟ್ಟದ್ದು

ಸೆಟ್ಟಣ್ಣ ಸಿಗರೇಟು ಸೇದಲು ಶುರುಮಾಡಿದ್ದು ಯಾಕೆ ಎಂಬ ಪ್ರಶ್ನೆಗೆ ಉತ್ತರ ಕೇಳುವವರನ್ನು ನೋಡಿಕೊಂಡು ಬದಲಾಗುತ್ತಿತ್ತು. ಡಾಕ್ಟರು ಕೇಳಿದರೆ ಕೆಲಸದ ಒತ್ತಡ. ಹೆಂಡತಿ ಕೇಳಿದರೆ ಕೆಟ್ಟ ಸಹವಾಸ. ಆ ಸಹವಾಸದವರು ಯಾರು ಎಂದು ಕೇಳಿದರೆ ಮಾತ್ರ ಒಬ್ಬರ ಮುಖವೂ ನೆನಪಾಗುತ್ತಿರಲಿಲ್ಲ. ಗೆಳೆಯರು ಕೇಳಿದರೆ ಪ್ರೇಮಭಂಗ. ತನ್ನ ಮೇಲೆ ಇಂಥದೊಂದು ಪ್ರೇಮ ಹುಟ್ಟಿತ್ತು, ಆಮೇಲೆ ಅದು ಭಂಗವೂ ಆಯಿತು ಎಂಬ ಸುದ್ದಿ ಆ ಹುಡುಗಿಗೆ ಕೊನೆಯವರೆಗೂ ತಲುಪಲಿಲ್ಲ. ಅವಳು ಮದುವೆಯಾಗಿ, ಮಕ್ಕಳನ್ನು ಹೆತ್ತು, ಇವನ ಹತ್ತಿರವೇ ತನ್ನ ಅತ್ತೆಗೆ ಹಲ್ಲು ಕಟ್ಟಿಸಿಕೊಂಡು ಹೋದಳು.

ಹಲ್ಲಿನ ಸೆಟ್ಟು ಮಾಡುವುದು ಅವನ ಕಸುಬು. ಹಾಗಾಗಿ ಸೆಟ್ಟಣ್ಣ. ಹಲ್ಲಿನ ಡಾಕ್ಟರುಗಳು ಬೊಚ್ಚುಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವನು ಅದಕ್ಕೆ ಪ್ಲಾಸ್ಟರ್ ಹೊಯ್ದು ದವಡೆ ಮಾಡಿ, ಮೇಣದಲ್ಲಿ ವಸಡು ಕಟ್ಟಿ, ಅದರ ಮೇಲೆ ಒಂದೊಂದೇ ಹಲ್ಲು ನಿಲ್ಲಿಸುತ್ತಾನೆ. ಆಮೇಲೆ ಮೇಣದ ಜಾಗದಲ್ಲಿ ಗುಲಾಬಿ ಬಣ್ಣದ ಹಿಟ್ಟು ತುಂಬಿ, ಬಿಸಿನೀರಿನಲ್ಲಿ ಬೇಯಿಸಿ, ಮೋಟಾರಿನ ಮೇಲೆ ಹಿಡಿದು ಹೊಳಪು ಕೊಟ್ಟರೆ ಯಾರದೋ ನಗು ತಯಾರು. ಛಾಪಖಾನೆಯ ಮೇಲಿನ ಉದ್ದನೆಯ ಕೋಣೆ ಅವನ ಕಾರ್ಖಾನೆ. ಗೋಡೆಯ ಕಪಾಟುಗಳ ತುಂಬ ದವಡೆಗಳು ಬಾಯಿ ತೆರೆದುಕೊಂಡು ಕೂತಿರುತ್ತಿದ್ದವು. ಬ್ಯಾಂಕಿನ ಮ್ಯಾನೇಜರೂ ಅವನ ಮನೆ ಕಾಯುವವನೂ ಅಲ್ಲಿ ಒಂದೇ ಸಾಲಿನಲ್ಲಿದ್ದರು. ಬರಿ ದವಡೆ ನೋಡಿದರೆ ಯಾರು ಯಾರೆಂದು ಹೇಳಲು ಬರುತ್ತಿರಲಿಲ್ಲ.

ಆ ಹಿಟ್ಟು ಕಲಸುವ ದ್ರಾವಣಕ್ಕೆ ಕಿಡಿ ತಾಗಿದರೆ ಭಗ್ ಎನ್ನುತ್ತದೆ. ಆದ್ದರಿಂದ ಸೆಟ್ಟಣ್ಣ ಹಿಂದಿನ ಮೆಟ್ಟಿಲಿಗೆ ಹೋಗಿ ಸೇದುತ್ತಿದ್ದ. ಎಷ್ಟು ಸೇದುತ್ತಿದ್ದ ಎಂದು ಕೇಳಬೇಡಿ, ಅವನಿಗೇ ಗೊತ್ತಿರಲಿಲ್ಲ. ಬಾಯಿಯ ಬಣ್ಣಕ್ಕೆ ಹೊಂದಿಸಲು ಕಂಪನಿಯವರು ಕೊಡುವ ಮಾದರಿ ಹಲ್ಲುಗಳ ಸಾಲೊಂದಿದೆ, ಹಾಲಿನ ಬಿಳುಪಿನಿಂದ ಹಿಡಿದು ಕಂದು ಹಳದಿಯವರೆಗೆ. ಸೆಟ್ಟಣ್ಣನ ಸ್ವಂತ ಹಲ್ಲಿನ ಬಣ್ಣ ಆ ಸಾಲಿನಲ್ಲಿ ಇರಲಿಲ್ಲ. ಕಂಪನಿಯವರು ಅಷ್ಟು ದೂರ ಯೋಚನೆ ಮಾಡಿರಲಿಲ್ಲ.

ಅವನು ಯಾರಿಗೂ ಹೇಳದ ನಿಜವಾದ ಕಾರಣ ಬೇರೆ ಇತ್ತು. ಅದು ಭಾವ.

ಅಕ್ಕನ ಮದುವೆಯಾದಾಗ ಸೆಟ್ಟಣ್ಣನಿಗೆ ಮೀಸೆ ಬರಲೋ ಬೇಡವೋ ಎನ್ನುವ ವಯಸ್ಸು. ಮನೆಯ ಕೊನೆಯ ಮಗ. ದೊಡ್ಡವರು ಮಾತಾಡುವಾಗ ಆ ಕಡೆ ಹೋಗು, ಹೆಂಗಸರು ಮಾತಾಡುವಾಗ ಆಚೆ ಹೋಗು, ಅಪ್ಪ ಸುಮ್ಮನೆ ಕೂತಿದ್ದರೂ ಎದುರಿಗೆ ನಿಲ್ಲಬೇಡ. ಹೀಗೆ ಮನೆಯೊಳಗೆ ಇದ್ದುಕೊಂಡೇ ಹೊರಗಿನವನಾಗಿದ್ದ. ಹೊಸ ಅಳಿಯ ಮನೆಗೆ ಬಂದ ಸಂಜೆ ಊಟ ಮುಗಿಸಿ ಎದ್ದು, ಅಂಗಿಯ ಜೇಬು ಸವರಿಕೊಂಡು ಬಾಗಿಲ ಹತ್ತಿರ ನಿಂತು, ಇಡೀ ಪಡಸಾಲೆಯನ್ನು ಒಮ್ಮೆ ನೋಡಿ, ಇವನಿಗೆ ಮಾತ್ರ "ಬರ್ತೀಯೇನೋ?" ಅಂದರು. ಇವನು ಚಪ್ಪಲಿಯನ್ನೂ ಹಾಕಿಕೊಳ್ಳದೆ ಹಿಂದೆಯೇ ಓಡಿದ. ಬೀದಿಯ ಕೊನೆಯ ಕಟ್ಟೆಯ ಮೇಲೆ ಇಬ್ಬರೂ ಕೂತರು. ಭಾವ ತಾವೊಂದು ಹಚ್ಚಿ, ಇವನ ಕಡೆ ಒಂದು ಚಾಚಿದರು. ಇವನು ಎಳೆದ, ಕೆಮ್ಮಿದ, ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸಿದ, ಕೊನೆಗೆ ಕಟ್ಟೆಯ ಹಿಂದೆ ಹೋಗಿ ತಿಂದ ಮದುವೆಯೂಟವನ್ನೆಲ್ಲ ಕಕ್ಕಿದ. ತಿರುಗಿ ಬಂದು ಪುನಃ ಅದೇ ಜಾಗದಲ್ಲಿ ಕೂತ. ಮಾರನೆಯ ದಿನವೂ ಕರೆಯುತ್ತಾರೋ ಇಲ್ಲವೋ ಎಂಬ ಒಂದೇ ಚಿಂತೆ ಅವನಿಗೆ.

ಕರೆದರು. ಆಮೇಲೆ ಇಡೀ ಆಯುಷ್ಯ ಕರೆಯುತ್ತಲೇ ಇದ್ದರು. ಮುಂದೆ ಇಬ್ಬರೂ ಸೇರಿ ಒಂದೇ ಮನೆ ಕಟ್ಟಿಸಿ, ಕೆಳಗೆ ಸೆಟ್ಟಣ್ಣನ ಸಂಸಾರ, ಮೇಲೆ ಅಕ್ಕ ಭಾವನ ಸಂಸಾರ ಅಂತಾಯಿತು. ಮೇಲಿಂದ ಇಳಿದು ಬರುವ ಹೊರಗಿನ ಮೆಟ್ಟಿಲು ಕೆಳಮನೆಯ ಬಾಗಿಲ ಪಕ್ಕಕ್ಕೇ ಬಂದು ಮುಟ್ಟುತ್ತಿತ್ತು. ಸಂಜೆ ಆ ಮೆಟ್ಟಿಲ ಬುಡದಲ್ಲಿ ಇಬ್ಬರೂ ಕೂತು ಹೊಗೆ ಬಿಡುವುದನ್ನು ನೋಡಿದವರು ಮನೆಗೆ ಬೆಂಕಿ ಬಿದ್ದಿದೆ ಎಂದುಕೊಂಡು ಬಂದು ವಿಚಾರಿಸಿದ್ದೂ ಉಂಟು.

ಭಾವ ಡ್ರೈವಿಂಗ್ ಶಾಲೆಯ ಮೇಷ್ಟ್ರು. ಸ್ಟಿಯರಿಂಗ್ ಹಿಡಿಯಲು ಬಾರದವರ ಪಕ್ಕದ ಸೀಟಿನಲ್ಲಿ ಕೂತು ಜೀವನ ಕಳೆದವರು. ಎದುರಿಗೆ ಲಾರಿ ಬಂದಾಗ ಕಣ್ಣು ಮುಚ್ಚಿಕೊಳ್ಳುವವರು, ಬ್ರೇಕು ಒತ್ತಿ ಎಂದರೆ ಹಾರ್ನ್ ಒತ್ತುವವರು, ಹಿಂದಕ್ಕೆ ಹೋಗಬೇಕಾದಾಗ ಅಂಗಡಿಯೊಳಕ್ಕೆ ಹೋಗುವವರು, ಎಲ್ಲರ ಪಕ್ಕದಲ್ಲೂ ಕೂತು, ಮುಖದ ಮೇಲೆ ನಗು ಇಟ್ಟುಕೊಂಡು, ಕೆಳಗೆ ತಮ್ಮ ಕಾಲಿನ ಬ್ರೇಕನ್ನು ಬಲವಾಗಿ ತುಳಿಯುತ್ತಿದ್ದರು. ಒಬ್ಬ ಇಳಿದು ಇನ್ನೊಬ್ಬ ಹತ್ತುವ ನಡುವೆ ಒಂದು ಸಿಗರೇಟು. ಈ ಕೆಲಸ ಮಾಡುವವನು ಸೇದದೆ ಇದ್ದರೆ ಅವನಿಗೆ ಏನೋ ಕಾಯಿಲೆ ಇದೆ ಎಂದು ತಿಳೀಬೇಕು ಅನ್ನುತ್ತಿದ್ದರು.

ಕಾಯಿಲೆ ಸೇದುವವರಿಗೇ ಬಂತು. ಒಂದು ಜ್ವರ ಬಂದದ್ದು ಹೋಗಲಿಲ್ಲ. ಮೇಲಿನ ಮನೆಗೆ ಹತ್ತುವಾಗ ಅರ್ಧ ಮೆಟ್ಟಿಲಿಗೆ ನಿಂತು, ಕೆಳಗೆ ಯಾರೋ ಕರೆದರು ಎನ್ನುವ ಹಾಗೆ ತಿರುಗಿ ನೋಡುವ ಅಭ್ಯಾಸ ಶುರುವಾಯಿತು. ಯಾರೂ ಕರೆದಿರುತ್ತಿರಲಿಲ್ಲ. ಅಕ್ಕ ಹಟ ಹಿಡಿದು ಎದೆಯ ಡಾಕ್ಟರ ಹತ್ತಿರ ಕಳಿಸಿದಳು, ಸ್ಕೂಟರಿನಲ್ಲಿ ಕರೆದುಕೊಂಡು ಹೋದವನು ಸೆಟ್ಟಣ್ಣ. ಆ ಡಾಕ್ಟರು "ದಮ್ಮು ಇದೆಯಾ?" ಎಂದು ಕೇಳಿದ್ದಕ್ಕೆ ಭಾವ ಎದೆ ಸೆಟೆಸಿ, ಇದ್ದಿದ್ದಕ್ಕೇ ತಾನೇ ಇಷ್ಟು ವರ್ಷ ಬೇರೆಯವರು ಗಾಡಿ ಓಡಿಸುವಾಗ ಪಕ್ಕದಲ್ಲಿ ಕೂತದ್ದು ಅಂದರು. ಡಾಕ್ಟರು ನಗಲಿಲ್ಲ. ಫಿಲಂ ಅನ್ನು ಬೆಳಕಿಗೆ ಹಿಡಿದು, ಈ ಎದೆಯಲ್ಲಿ ಇನ್ನು ಹಾಳಾಗಲು ಜಾಗ ಉಳಿದಿಲ್ಲ, ಇವತ್ತು ಬಿಟ್ಟರೆ ನಡೆದಾಡಿಕೊಂಡು ಇರುತ್ತೀರಿ, ಬಿಡದಿದ್ದರೆ ಮಂಚದ ಪಕ್ಕ ಸಿಲಿಂಡರ್ ಇಟ್ಟುಕೊಂಡು ಇರುತ್ತೀರಿ, ಅದೂ ಬಹಳ ದಿನ ಅಲ್ಲ ಎಂದು ಬಿಡಿಸಿ ಹೇಳಿದರು. ಭಾವನನ್ನು ಬಿಟ್ಟು ಸಂಜೆ ಎನ್ನುವುದು ಹೇಗಿರುತ್ತದೆ ಎಂದು ಸೆಟ್ಟಣ್ಣ ಯಾವತ್ತೂ ಯೋಚಿಸಿರಲಿಲ್ಲ. ಯೋಚಿಸಿದ, ಹೆದರಿಕೆಯಾಯಿತು, ಆಸ್ಪತ್ರೆಯ ಹಿಂದೆ ಹೋಗಿ ಒಂದು ಹಚ್ಚಿದ. ತಿರುಗಿ ನೋಡಿದರೆ ಭಾವನೂ ಅಲ್ಲೇ ಬಂದು ಬೆಂಕಿ ಕೇಳುತ್ತಿದ್ದರು.

ಮನೆಯಲ್ಲಿ ಅಕ್ಕ ಅತ್ತಳು, ಬೈದಳು, ಮಾತು ಬಿಟ್ಟಳು. ಭಾವ ಒಂದಕ್ಕೂ ಜಗ್ಗಲಿಲ್ಲ. ಕೊನೆಗೆ ಅವಳ ಬಾಯಿ ಮುಚ್ಚಿಸಲು ಒಂದು ಉಪಾಯ ಹೂಡಿದರು.

"ನಿನ್ನ ತಮ್ಮ ಬಿಡ್ಲಿ, ಅವತ್ತೇ ನಾನೂ ಬಿಡ್ತೀನಿ. ಬೇಕಾದ್ರೆ ಬರ್ಕೊಡ್ತೀನಿ."

ಸೂರ್ಯ ಎಲ್ಲಿ ಹುಟ್ಟಿದರೂ ಸೆಟ್ಟಣ್ಣ ಸಿಗರೇಟು ಬಿಡುವವನಲ್ಲ ಎಂಬ ಭರವಸೆ ಅವರಿಗಿತ್ತು. ಸೆಟ್ಟಣ್ಣನಿಗೂ ಇತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಗೋಡೆಯ ಕಡೆ ತಿರುಗಿ ನಕ್ಕರು.

ಆಮೇಲೆ ಆದದ್ದಕ್ಕೆ ಸೆಟ್ಟಣ್ಣನನ್ನು ದೂರುವುದೋ ಭಾಷೆಯನ್ನು ದೂರುವುದೋ ತಿಳಿಯದು. ನಮ್ಮಲ್ಲಿ ಬಿಡುವುದು ಎನ್ನುವ ಒಂದು ಮಾತಿಗೆ ಮೈತುಂಬ ಕೆಲಸ. ಹೊಗೆಯನ್ನೂ ಬಿಡಬಹುದು, ಚಟವನ್ನೂ ಬಿಡಬಹುದು, ಕೂತಲ್ಲೇ ರೀಲು ಬಿಡಬಹುದು, ಛತ್ರಿಯನ್ನು ಬಸ್ಸಿನಲ್ಲಿ ಬಿಟ್ಟು ಬರಬಹುದು. ಒಂದು ಸಂಜೆ ಸೆಟ್ಟಣ್ಣ ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ತೆಗೆಯುವ ಮೊದಲೇ ಅಂಗಿಯ ಜೇಬು ಮುಟ್ಟಿಕೊಂಡ. ಖಾಲಿ. ಪ್ಯಾಂಟಿನ ಜೇಬು ತಡಕಿದ. ಖಾಲಿ. ಮೆಟ್ಟಿಲ ಮೇಲೆ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದ ಅಕ್ಕ, ಏನೋ ತಡಕ್ತಿದ್ದೀಯಾ ಎಂದು ಕೇಳಿದಳು.

"ಥತ್, ಸಿಗರೇಟು ಬಿಟ್ಟೆ ಅಕ್ಕಾ."

ಕೆಲಸದ ಮೇಜಿನ ಮೇಲೆ, ನಿವೃತ್ತ ಜಡ್ಜೊಬ್ಬರ ಕೆಳದವಡೆಯ ಪಕ್ಕದಲ್ಲಿ ಬಿಟ್ಟೆ ಎಂಬುದು ಮುಂದೆ ಬರಬೇಕಾಗಿದ್ದ ಮಾತು. ಅದು ಬರುವುದರೊಳಗೆ ಅಕ್ಕನ ಮಡಿಲಿನ ಬಟ್ಟೆಯೆಲ್ಲ ನೆಲಕ್ಕೆ ಬಿತ್ತು. ಅವಳು ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡಳು. ಹೆಲ್ಮೆಟ್ಟಿನೊಳಗಿಂದ ಸೆಟ್ಟಣ್ಣನಿಗೆ ಕಂಡದ್ದು ಅವಳ ತುಂಬಿದ ಕಣ್ಣು.

"ಅಲ್ಲ ಅಕ್ಕ, ಬಿಟ್ಟೆ ಅಂದ್ರೆ..."

"ಬಿಟ್ಟೆ ಅಂದ್ರೆ ಬಿಟ್ಟೆ ಅಂತಾನೇ ತಾನೇ? ಅವರ ಜೀವ ಉಳಿಸಿದೆ ಕಣೋ ನೀನು."

ಇಷ್ಟು ಹೇಳಿ ಅವಳು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಮೇಲೆ ಹೋದಳು. ಹೋಗಿ ನಿಜ ಹೇಳಬೇಕೆಂದು ಸೆಟ್ಟಣ್ಣ ಅಂದುಕೊಂಡ. ಹೆಲ್ಮೆಟ್ ತೆಗೆದು ಹೇಳೋಣ ಎಂದುಕೊಂಡ. ಮುಖ ತೊಳೆದು ಹೇಳೋಣ ಎಂದುಕೊಂಡ. ಮುಖ ಒರೆಸಿಕೊಳ್ಳುವ ಹೊತ್ತಿಗೆ ಮೇಲಿನಿಂದ, ಅಕ್ಕನನ್ನು ಬೆನ್ನಿಗೆ ಕಟ್ಟಿಕೊಂಡು, ಭಾವ ಇಳಿದು ಬಂದರು. ಒಳಗೊಳಗೇ ಒಪ್ಪಂದ ಮಾಡಿಕೊಂಡು ಕಳ್ಳತನಕ್ಕೆ ಹೋದವನು ಜೊತೆಗಾರನನ್ನು ಪೊಲೀಸರ ಸಾಲಿನಲ್ಲಿ ಕಂಡರೆ ಹೇಗೆ ನೋಡುತ್ತಾನೋ ಹಾಗೆ ನೋಡಿದರು. ಕತ್ತು ಕೊಯ್ದೆಯಲ್ಲೋ ಪುಣ್ಯಾತ್ಮ ಎಂದಷ್ಟೇ ಅಂದು, ಜೇಬಿನಲ್ಲಿದ್ದ ಪ್ಯಾಕನ್ನು ಅಕ್ಕನ ಕೈಗೆ ಹಾಕಿ, ಮೇಲಕ್ಕೆ ಹತ್ತಿಹೋದರು. ಆಡಿದ ಮಾತಿಗೆ ತಪ್ಪುವವರಲ್ಲ ಎಂಬುದು ಅವರ ಒಂದೇ ಕೆಟ್ಟ ಗುಣ, ಅದು ಇವತ್ತು ಅವರಿಗೇ ಮುಳುವಾಯಿತು.

ಸೆಟ್ಟಣ್ಣನ ಹೆಂಡತಿ ಮಾತ್ರ ಮೂಗಿನ ತುದಿಯಿಂದ ಉಸಿರು ಎಳೆದು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಅವನ ಅಂಗಿ ಒಗೆಯುವವಳು ಅವಳು.

"ನಿಮ್ಮ ಬಾಯಿಂದ ನಿಜ ಬರಲ್ಲ ಅಂತ ಮೊದಲೇ ಗೊತ್ತು ರೀ. ಹೊಗೆ ಬರುತ್ತೋ ಇಲ್ವೋ ಅಷ್ಟು ನೋಡ್ತೀನಿ."

ಹೊಗೆ ಬಂತು. ಮಾರನೆಯ ಬೆಳಿಗ್ಗೆ ಮೇಜಿನ ಮೇಲೆ ಜಡ್ಜರ ದವಡೆಯ ಪಕ್ಕ ಪ್ಯಾಕು ಕಾಯುತ್ತಾ ಕೂತಿತ್ತು, ಅದಕ್ಕೆ ಬೇಜಾರು ಮಾಡುವುದು ಅವನಿಂದಾಗಲಿಲ್ಲ. ಭಾವ ಎರಡು ದಿನಕ್ಕೆ ಸೋತುಬಿಡುತ್ತಾರೆ, ಆಮೇಲೆ ಇಬ್ಬರೂ ಸೇರಿ ಸೋಲೋಣ, ಅಲ್ಲಿಯವರೆಗೆ ಮರ್ಯಾದೆ ಕಾಪಾಡಿಕೊಂಡರೆ ಸಾಕು ಎಂದು ಲೆಕ್ಕ ಹಾಕಿದ. ಅವನ ಕಸುಬಿನಲ್ಲಿ ಲವಂಗದ ಎಣ್ಣೆಗೆ ಬರ ಇಲ್ಲ. ಸೇದಿದ ಮೇಲೆ ಅದನ್ನು ಬಾಯಿಗೆ ಹಚ್ಚಿ, ಕೈಗೆ ಹಚ್ಚಿ, ಮೀಸೆಗೂ ಒಂದಿಷ್ಟು ಸವರಿ ಮನೆಗೆ ಬರುತ್ತಿದ್ದ. ಅವನು ಬೀದಿಯಲ್ಲಿ ಹಾದುಹೋದರೆ ಹಲ್ಲುನೋವಿದ್ದವರಿಗೆ ತುಸು ಆರಾಮ ಅನ್ನಿಸುತ್ತಿತ್ತಂತೆ.

ಭಾವ ಸೋಲಲಿಲ್ಲ. ಊಟ ಸೇರಲಿಲ್ಲ, ಗೇರು ಬದಲಿಸುವುದರಲ್ಲಿ ತಪ್ಪಿದ ಹೆಂಗಸೊಬ್ಬಳನ್ನು ನಡುರಸ್ತೆಯಲ್ಲಿ ಇಳಿಸಿ ಆಮೇಲೆ ಹೋಗಿ ಕ್ಷಮೆ ಕೇಳಿ ಬಂದರು. ಆದರೆ ಸೇದಲಿಲ್ಲ. ವಾರಗಳು ಕಳೆದಂತೆ ಮೆಟ್ಟಿಲಿನ ಅರ್ಧದಲ್ಲಿ ನಿಲ್ಲುವುದು ತಪ್ಪಿತು. ಕೆಮ್ಮು ಇಳಿಯಿತು. ಡಾಕ್ಟರು ಬೆನ್ನಿಗೆ ಕೊಳವೆ ಇಟ್ಟು ಕೇಳಿ, ಹೀಗೇ ಇದ್ದರೆ ಪರವಾಗಿಲ್ಲ, ಮತ್ತೆ ಒಂದು ಹಚ್ಚಿದರೂ ನನ್ನ ಹತ್ತಿರ ಬರಬೇಡಿ ಎಂದರು. ಅಕ್ಕ ನೆಂಟರಿಷ್ಟರಿಗೆಲ್ಲ ಫೋನು ಮಾಡಿ ತಮ್ಮನ ಗುಣಗಾನ ಮಾಡಿದಳು. ಅಂಥ ಫೋನು ಬಂದಾಗಲೆಲ್ಲ ಸೆಟ್ಟಣ್ಣನ ಹೆಂಡತಿ ಒಳಗಿನ ಕೋಣೆಗೆ ಹೋಗಿ ನಗು ತಡೆಯಲು ದಿಂಬಿಗೆ ಬಾಯಿ ಒತ್ತಿಕೊಳ್ಳುತ್ತಿದ್ದಳು.

ಇಷ್ಟರಲ್ಲಿ ಭಾವನಿಗೆ ಒಂದು ಹೊಸ ಅಭ್ಯಾಸ ಹತ್ತಿತು. ಸಂಜೆ ಸೆಟ್ಟಣ್ಣನ ಸ್ಕೂಟರಿನ ಸದ್ದು ಕೇಳಿದ ಕೂಡಲೇ ಇಳಿದು ಬಂದು, ಅವನನ್ನು ಮುಖವೂ ತೊಳೆಯಗೊಡದೆ ಮೆಟ್ಟಿಲಿಗೆ ಎಳೆದು, ಭುಜಕ್ಕೆ ಭುಜ ಒತ್ತಿಕೊಂಡು ಕೂರುತ್ತಿದ್ದರು. ಮೊದಲು ನಡುವೆ ಒಬ್ಬ ಕೂರುವಷ್ಟು ಜಾಗ ಇರುತ್ತಿತ್ತು. ಈಗ ಗಾಳಿಯೂ ಆಡದು. ಒಂದೊಂದು ದಿನ ಮಾತಿನ ನಡುವೆ ಅವನ ಹೆಗಲ ಮೇಲೆ ತಲೆಯನ್ನೇ ಇಟ್ಟುಬಿಡುತ್ತಿದ್ದರು. ಕಷ್ಟದಲ್ಲಿರುವ ಮನುಷ್ಯ ಆಸರೆ ಹುಡುಕುತ್ತಿದ್ದಾರೆ ಎಂದು ಸೆಟ್ಟಣ್ಣನಿಗೆ ಪಾಪ ಅನ್ನಿಸುತ್ತಿತ್ತು. ತಾನು ಇವರಿಗೆ ಒರಗಲು ಕೊಟ್ಟಿರುವುದು ಗೆದ್ದಲು ಹಿಡಿದ ಗೋಡೆ ಎಂದು ನಾಚಿಕೆಯೂ ಆಗುತ್ತಿತ್ತು.

ಒಂದು ಸಂಜೆ ಭಾವ ತಾವಾಗಿಯೇ ಹೇಳಿದರು: ಮಧ್ಯಾಹ್ನ ತಡೆಯಲಾಗಲಿಲ್ಲವಂತೆ. ಮೂಲೆ ಅಂಗಡಿಯವರೆಗೂ ಹೋಗಿದ್ದರಂತೆ. ಅಂಗಡಿಯವನು ಪ್ಯಾಕನ್ನು ಕೈಗೆತ್ತಿಕೊಂಡೂ ಆಗಿತ್ತಂತೆ.

"ನಿನ್ನ ನೆನಪಾಯ್ತು ಕಣೋ. ವಾಪಸ್ ಬಂದ್ಬಿಟ್ಟೆ."

ಸೆಟ್ಟಣ್ಣನ ನಾಲಿಗೆಯ ಮೇಲೆ ಅರ್ಧ ಗಂಟೆಯ ಹಿಂದಿನ ಸಿಗರೇಟು, ಅದರ ಮೇಲೆ ಲವಂಗ. ನಾಳೆ ಯಾರಾದರೂ ನೋಡಿ ಭಾವನ ಕಿವಿಗೆ ಹಾಕಿದರೆ ಏನಾಗುತ್ತದೆ ಎಂಬುದನ್ನು ಡಾಕ್ಟರು ಹೇಳಿಯಾಗಿತ್ತು. ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಉಳಿದದ್ದು ಒಂದೇ ದಾರಿ, ಅದನ್ನು ನಿಜ ಮಾಡುವುದು.

ಬೆಳಿಗ್ಗೆ ಕೆಲಸಕ್ಕೆ ಹೋದವನೇ ಪ್ಲಾಸ್ಟರ್ ಕಲಸಿ, ತುಂಬಿದ ಪ್ಯಾಕನ್ನು ಅದರಲ್ಲಿ ಮುಳುಗಿಸಿ ಗಟ್ಟಿಯಾಗಲು ಬಿಟ್ಟ. ಮಧ್ಯಾಹ್ನದ ಹೊತ್ತಿಗೆ ಸುತ್ತಿಗೆ ಹಿಡಿದು ಅದನ್ನು ಒಡೆಯುತ್ತಿದ್ದ. ಒಳಗೆ ಸಿಕ್ಕಿದ್ದು ಒದ್ದೆಯಾದ ಕಸ. ಅದನ್ನೂ ಒಣಗಿಸಿ ನೋಡೋಣವೇ ಎಂದು ಸ್ಪಿರಿಟ್ ದೀಪದ ಹತ್ತಿರ ಹಿಡಿದು, ತನ್ನ ಮೇಲೆ ತನಗೇ ಅಸಹ್ಯ ಹುಟ್ಟಿ ಬಿಸಾಡಿದ.

ಸೆಟ್ಟಣ್ಣ ನಿಜವಾಗಿ ಸಿಗರೇಟು ಬಿಟ್ಟದ್ದು ಹೀಗೆ, ಮತ್ತು ಅದು ಯಾರಿಗೂ ಗೊತ್ತಾಗಲಿಲ್ಲ. ಮೊದಲೇ ಹೊಗಳಿಸಿಕೊಂಡು ಮುಗಿಸಿದವನು ಎರಡನೇ ಸಲ ಬಿಟ್ಟರೆ ಹೊಗಳುವವರು ಯಾರು? ತಲೆ ಸಿಡಿಯುತ್ತಿದೆ ಎನ್ನುವ ಹಾಗಿಲ್ಲ. ಅಯ್ಯೋ ಪಾಪ ಎಂದು ಕೇಳಿಸಿಕೊಳ್ಳುವ ಹಾಗಿಲ್ಲ. ಅಕ್ಕನಂತೂ, ನಿಮ್ಮ ಭಾವನಿಗೆ ಕಷ್ಟ ಆಗ್ತಿದೆ, ನಿನಗೆ ಎಷ್ಟು ಸಲೀಸಾಯ್ತು ನೋಡು ಎಂದು ಅವನ ತಟ್ಟೆಗೆ ಇನ್ನಷ್ಟು ಬಡಿಸುತ್ತಿದ್ದಳು. ಅವನು ಮೇಣ ಅಗಿದ. ಡಾಕ್ಟರೊಬ್ಬರಿಗೆ ಫೋನಿನಲ್ಲಿ, ನಿಮ್ಮ ರೋಗಿಯ ಬಾಯಿ ಸರಿ ಇಲ್ಲದಿದ್ದರೆ ನಾನೇನು ಮಾಡಲಿ, ಬೇರೆ ಬಾಯಿ ಕಳಿಸಿ ಎಂದು ರೇಗಿದ. ನಿವೃತ್ತ ಹೆಡ್‌ಮೇಷ್ಟ್ರೊಬ್ಬರಿಗೆ ಮಾಡಿದ ಸೆಟ್ಟಿನಲ್ಲಿ ಮುಂದಿನ ಹಲ್ಲಿನ ನಡುವೆ ಕೂದಲೆಳೆಯ ಸಂದು ಉಳಿದು, ಅವರು ಸಕಾರ ಬಂದಲ್ಲೆಲ್ಲ ಸಿಳ್ಳೆ ಹೊಡೆಯುವಂತಾಯಿತು. ಸರಿಮಾಡಿಕೊಡಿ ಎಂದು ಬಂದವರು ಆ ಮಾತು ಹೇಳುವಷ್ಟರಲ್ಲಿ ಕೆಳಗಿನ ಛಾಪಖಾನೆಯ ನಾಯಿ ಮೇಲೆ ಓಡಿ ಬಂತು.

ಬಟ್ಟೆ ಒಗೆಯುವ ಹೆಂಡತಿಗೆ ಮಾತ್ರ ತಿಳಿಯಿತು. ಒಂದು ಬೆಳಿಗ್ಗೆ ಅವನ ಅಂಗಿಯನ್ನು ಮೂಗಿಗೆ ಹಿಡಿದು, ತಿರುಗಿಸಿ ಹಿಡಿದು, ಇದು ಪಕ್ಕದ ಮನೆಯವರದು ಇರಬೇಕು ಎಂದು ಕಾಲರಿನ ಗುರುತು ನೋಡಿದಳು. ಏನೂ ಹೇಳಲಿಲ್ಲ. ಸಂಜೆ ಅವನು ಬಂದಾಗ ಬಾಗಿಲಲ್ಲಿ ನಿಂತು ಅವನ ಕೈಯಿಂದ ಚೀಲ ತೆಗೆದುಕೊಂಡಳು. ಮದುವೆಯಾದ ಹೊಸತರಲ್ಲಿ ಹಾಗೆ ತೆಗೆದುಕೊಳ್ಳುತ್ತಿದ್ದಳು.

ತೊಂದರೆ ಬಂದದ್ದು ಭಾವನಿಂದ. ಇಷ್ಟು ದಿನ ಸುಧಾರಿಸುತ್ತಿದ್ದ ಮನುಷ್ಯ ಇದ್ದಕ್ಕಿದ್ದಂತೆ ಕೆಟ್ಟರು. ಮೊದಲಿನಂತೆಯೇ ಬಂದು ಅಂಟಿಕೊಂಡು ಕೂತರೂ ಕೂತಲ್ಲಿ ಕೂರಲಾರರು. ಭುಜ ಬದಲಿಸುವರು, ಈ ಕಡೆಯಿಂದ ಎದ್ದು ಆ ಕಡೆ ಕೂರುವರು. ಈಗೀಗ ಕೆಲಸ ಕಡಿಮೆಯೇನೋ, ಬೇಗ ಬರ್ತೀಯೇನೋ, ಎಲ್ಲಿಗೂ ಹೋಗೋದಿಲ್ವೇನೋ ಎಂದು ಪ್ರಶ್ನೆ ಮೇಲೆ ಪ್ರಶ್ನೆ. ಅಕ್ಕನ ಮೇಲೆ ಸಿಡುಕಿದರು. ಗಾಡಿ ಕಲಿಯಲು ಬಂದವರ ಮೇಲೆ ಸಿಡುಕಿ ಡ್ರೈವಿಂಗ್ ಶಾಲೆಗೆ ರಜೆ ಹಾಕಿದರು. ಸೆಟ್ಟಣ್ಣನಿಗೆ ದಿಗಿಲು. ತನ್ನ ಹಳೆಯ ಸುಳ್ಳು ಹೇಗೋ ಗೊತ್ತಾಗಿದೆ ಎಂದುಕೊಂಡ. ಹೇಳಿಬಿಡುವುದೇ ಸರಿ ಎಂದು ಒಂದು ಸಂಜೆ ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಭಾವ ಅವನ ಕಾಲರನ್ನು ಹಿಡಿದು ಹತ್ತಿರ ಎಳೆದು, ಕುತ್ತಿಗೆಗೆ ಮೂಗಿಟ್ಟು ದೀರ್ಘವಾಗಿ ಉಸಿರೆಳೆದರು.

"ನಿಜವಾಗ್ಲೂ ಬಿಟ್ಬಿಟ್ಟೆಯೇನೋ?"

ಸೆಟ್ಟಣ್ಣ ಬಾಯಿ ಬಿಟ್ಟುಕೊಂಡು ನೋಡಿದ.

"ಇಷ್ಟು ದಿನ ನಿನ್ನ ಅಂಗಿ ನಂಬ್ಕೊಂಡು ಬದುಕಿದ್ದೆ ಕಣೋ ನಾನು," ಅಂದರು ಭಾವ.

ಆಮೇಲೆ ಎಲ್ಲವನ್ನೂ ಹೇಳಿದರು. ಸೇದುವುದನ್ನು ನಿಲ್ಲಿಸಿದ ಮೇಲೆ ಯಾವುದೋ ಕಾಲದಲ್ಲಿ ಸತ್ತುಹೋಗಿದ್ದ ಮೂಗಿಗೆ ಜೀವ ಬಂತಂತೆ. ಹೆಂಡತಿಯ ತಲೆಗೂದಲಿನ ಎಣ್ಣೆ, ಬಿಸಿಲಿಗೆ ಕಾದ ಸೀಟು, ಒಂದೊಂದೇ ವಾಸನೆ ತಿಳಿಯತೊಡಗಿತಂತೆ. ಎಲ್ಲಕ್ಕಿಂತ ಮೊದಲು ಸಿಕ್ಕಿಬಿದ್ದವನು ಸೆಟ್ಟಣ್ಣ. ಲವಂಗ ಹಚ್ಚಿದರೆ ಹೊಗೆ ವಾಸನೆ ಹೋಗುತ್ತದೆಯೇ, ಲವಂಗ ಸೇದಿದ ಹಾಗಿರುತ್ತದೆ ಅಷ್ಟೆ. ಮೊದಲು ಸಿಟ್ಟು ಬಂತಂತೆ, ಹೋಗಿ ಒಂದು ಪ್ಯಾಕು ಕೊಂಡು ಇವನ ಎದುರೇ ಸೇದಬೇಕು ಅನ್ನಿಸಿತಂತೆ. ಆದರೆ ಪಕ್ಕದಲ್ಲಿ ಕೂತು ನಾಲ್ಕು ಸಲ ಉಸಿರೆಳೆದುಕೊಂಡಾಗ ಜೀವಕ್ಕೆ ಹಾಯೆನಿಸಿತು. ಎದೆಗೆ ಹೊಗೆ ಇಲ್ಲ, ಮೂಗಿಗೆ ಹಬ್ಬ. ಅಂದಿನಿಂದ ದಿನವನ್ನು ಹಾಗೂ ಹೀಗೂ ನೂಕಿ ಸಂಜೆಗೆ ಕಾಯುತ್ತಿದ್ದರು. ಅವತ್ತು ಅಂಗಡಿಯವರೆಗೆ ಹೋಗಿ ತಿರುಗಿ ಬಂದದ್ದೂ ಇವನು ಬರುತ್ತಾನೆ, ಅಂಗಿ ಹಾಕಿಕೊಂಡು ಬರುತ್ತಾನೆ ಎಂಬ ಆಸೆಯಿಂದ. ಇವನ ಮುಖಕ್ಕೆ ಅದರಲ್ಲಿ ಪಾಲೇನೂ ಇರಲಿಲ್ಲ.

ಸೆಟ್ಟಣ್ಣನಿಗೆ ನಗು ಬಂತು, ಅಳುವೂ ಬಂತು. ಎರಡನ್ನೂ ನುಂಗಿದ.

"ಒಂದೇ ಒಂದು ಸೇದಿ ಬಾರೋ," ಅಂದರು ಭಾವ. "ನಿನ್ನ ದಮ್ಮಯ್ಯ. ನನಗೇನೂ ತರಬೇಡ. ನೀನು ಸೇದಿ ಬಂದು ಸುಮ್ನೆ ಪಕ್ಕ ಕೂರು. ಇಲ್ಲಾಂದ್ರೆ ನಾನೇ ಹೋಗ್ತೀನಿ, ಆಮೇಲೆ ನಿಮ್ಮಕ್ಕನಿಗೆ ನೀನೇ ಉತ್ತರ ಕೊಡು."

ಹೀಗೆ ಹೇಳಿ ಚಪ್ಪಲಿಗೆ ಕಾಲು ತೂರಿಸಿಯೂಬಿಟ್ಟರು. ಹೆದರಿಸಲು ಆಡಿದ ಮಾತಲ್ಲ. ಅವರ ಕಣ್ಣು ಬೀದಿಯ ಕೊನೆಯಲ್ಲಿತ್ತು. ಸೆಟ್ಟಣ್ಣ ಅವರನ್ನು ಹಿಡಿದು ಕೂರಿಸಿ, ತಾನು ಹೋಗಿ ಬರುವುದಾಗಿ ಹೇಳಿ ಎದ್ದ.

ಸಿಗರೇಟು ಸೇದಲು ಲೋಕದಲ್ಲಿ ಯಾರಿಗೂ ಇಂಥ ಭವ್ಯವಾದ ಕಾರಣ ಸಿಕ್ಕಿರಲಾರದು. ಒತ್ತಡ ಅಲ್ಲ, ಸಹವಾಸ ಅಲ್ಲ, ಒಬ್ಬ ರೋಗಿಯ ಪ್ರಾಣ ಉಳಿಸುವುದಕ್ಕೆ. ಮೂಲೆ ಅಂಗಡಿಗೆ ಹೋಗುವವರೆಗೆ ಸೆಟ್ಟಣ್ಣನ ಕಾಲು ನೆಲಕ್ಕೆ ತಾಗಲಿಲ್ಲ. ನೀವು ಬಿಟ್ಟಿದ್ದಿರಲ್ಲ ಎಂದು ಅಂಗಡಿಯವನು ಹುಬ್ಬೇರಿಸಿದ. ಭಾವನ ಆರೋಗ್ಯಕ್ಕೆ ಎಂದು ಇವನು ಹೇಳಿದ್ದನ್ನು ಕೇಳಿ ಆ ಹುಬ್ಬು ಇಳಿಯಲೇ ಇಲ್ಲ. ಕಂಬಕ್ಕೆ ದಾರ ಕಟ್ಟಿ ನೇತುಹಾಕಿದ ಲೈಟರನ್ನು ಎಳೆದುಕೊಂಡು, ಸಿಗರೇಟನ್ನು ತುಟಿಗಿಟ್ಟುಕೊಂಡ. ಲೈಟರಿನ ಬೆಂಕಿ ಹತ್ತಿತು, ಇನ್ನೂ ಸಿಗರೇಟಿಗೆ ತಾಗಿಸಿರಲಿಲ್ಲ. ಅಲ್ಲಿಯವರೆಗೂ ಸುಸೂತ್ರವಾಗಿ ನಡೆಯಿತು.

ಆಗ ಅವನಿಗೆ ಆ ಕಟ್ಟೆಯ ಮೇಲಿನ ಮೊದಲ ಸಂಜೆ ನೆನಪಾಯಿತು. ಅವತ್ತೂ ಅವನಿಗೆ ಇದು ಬೇಕಾಗಿರಲಿಲ್ಲ. ಭಾವನ ಪಕ್ಕದಲ್ಲಿ ಕೂರಲು ಕೊಟ್ಟ ಬೆಲೆ ಅದು. ಇವತ್ತೂ ಅದೇ ಬೆಲೆ ಕೇಳುತ್ತಿದ್ದಾರೆ. ಇವತ್ತು ಇವನು ಕೊಟ್ಟರೆ ನಾಳೆಯೂ ಕೊಡಬೇಕು, ನಾಡಿದ್ದು ಆ ಮನುಷ್ಯನಿಗೆ ಅಂಗಿಯ ವಾಸನೆ ಸಾಲದೆ ಹೋಗುತ್ತದೆ. ಆಗ ಇಬ್ಬರ ಎದೆಯೂ ಸುಟ್ಟುಹೋಗಿರುತ್ತದೆ. ಅವನಿಗೆ ಭಾವನ ಮೇಲೆ ಭಯಂಕರ ಸಿಟ್ಟು ಬಂತು. ಲೈಟರ್ ಕೈಬಿಟ್ಟ. ಬಾಯಿಗಿಟ್ಟ ಸಿಗರೇಟನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದ ಅಂಗಡಿಯವನ ಎದುರೇ ಅದನ್ನು ಪುಡಿಮಾಡಿ ಡಬ್ಬಕ್ಕೆ ಹಾಕಿ ನಡೆದ.

ಭಾವ ಎದ್ದು ನಿಂತು ಕಾಯುತ್ತಿದ್ದರು. ಸೆಟ್ಟಣ್ಣ ಬಂದು ಕೂತ ಕೂಡಲೇ ಅವನ ಕಾಲರು ಮೂಸಿದರು, ಕೈ ಮೂಸಿದರು, ಬಾಯಿ ತೆಗಿ ಎಂದು ಹಲ್ಲಿನ ಡಾಕ್ಟರ ಹಾಗೆ ಬಾಯೊಳಗೆ ಮೂಗು ತೂರಿಸಿದರು. ಆಮೇಲೆ ಬೈಗುಳ ಶುರುವಾಯಿತು. ಇಷ್ಟು ವರ್ಷ ಪಕ್ಕದ ಸೀಟಿನಲ್ಲಿ ಕೂತು ನುಂಗಿಕೊಂಡಿದ್ದ ಬೈಗುಳವೆಲ್ಲ ಒಟ್ಟಿಗೆ ಹೊರಬಂತು, ಅವನ್ನು ಇಲ್ಲಿ ಬರೆದರೆ ಕಾಗದ ಕರಗುತ್ತದೆ. ಸೆಟ್ಟಣ್ಣ ಎಲ್ಲವನ್ನೂ ಕೇಳಿಸಿಕೊಂಡ. ಭಾವ ಉಸಿರಿಗಾಗಿ ನಿಂತಾಗ ಹೇಳಿದ.

"ಅವತ್ತು ಕಟ್ಟೆ ಮೇಲೆ ನಾನು ಸೇದಿದ್ದು ಸಿಗರೇಟಿನ ಆಸೆಗಲ್ಲ ಭಾವ. ನೀವು ಜೊತೆಗೆ ಕರೆದ್ರಿ ಅಂತ. ಮತ್ತೆ ಕರೀಲಿ ಅಂತ."

ಭಾವ ಕಾಲನ್ನು ಚಪ್ಪಲಿಯಿಂದ ಹೊರಗೆ ತೆಗೆದರು. ಮೆಲ್ಲಗೆ ಕೂತರು.

"ನಾನೇನು ದೊಡ್ಡ ಸೇದುವವನು ಅಂದ್ಕೊಂಡ್ಯೇನೋ ಅವತ್ತು? ಅದು ನನ್ನ ಎರಡನೇದೋ ಮೂರನೇದೋ. ಹೊಸ ಮನೆ, ಗುರುತಿಲ್ಲದ ಜನ, ಎಲ್ಲರೂ ನನ್ನ ಮುಖಾನೇ ನೋಡ್ತಿದ್ರು. ಎದ್ದು ಹೊರಗೆ ಹೋಗೋಕೆ ಒಂದು ನೆಪ ಬೇಕಿತ್ತು. ಒಬ್ಬನೇ ಹೋಗೋಕೂ ಆಗ್ಲಿಲ್ಲ. ಆ ಪಡಸಾಲೇಲಿ ನನ್ನಷ್ಟೇ ದಿಕ್ಕುಗೆಟ್ಟೋನು ನೀನೊಬ್ಬನೇ ಕಂಡೆ. ನೀನು ಸೇದ್ತೀಯಲ್ಲ ಅಂತ ನಾನೂ ಬಿಡದೆ ತರ್ತಿದ್ದೆ."

ಇಬ್ಬರೂ ಸೇರಿ ಇಷ್ಟು ಆಯುಷ್ಯ ಸುಟ್ಟದ್ದು ಇಬ್ಬರಿಗೂ ಬೇಡವಾದದ್ದಕ್ಕೆ. ಸೆಟ್ಟಣ್ಣನಿಗೆ ದುಃಖ ಉಕ್ಕಿ ಬಂತು.

"ಸುಮ್ನೆ ಬಾ ಅಂದಿದ್ರೂ ಬರ್ತಿದ್ದೆನಲ್ಲ ಭಾವ."

"ಹಾಗೆ ಕರೆಯೋಕೆ ನಾಚಿಕೆ ಆಯ್ತು ಕಣೋ," ಅಂದರು ಭಾವ.

ಮೇಲಿನಿಂದ ಅಕ್ಕ ಊಟಕ್ಕೆ ಕರೆದಳು. ಬಂದೆವು ಎಂದು ಇಬ್ಬರೂ ಒಟ್ಟಿಗೆ ಕೂಗಿ ಹೇಳಿದರು, ಏಳಲಿಲ್ಲ.